ಹಬ್ಬದ ಮನೆಗೆ ಯಾವ ಪಾನೀಯ? ಪಾನಕದ ಕೊಳಗದಿಂದ ರಮ್ಮಿನ ಲೋಟದವರೆಗೆ

ಹಬ್ಬ ಹತ್ತಿರ ಬಂದಾಗ ಊಟದ ಪಟ್ಟಿ ಬೇಗ ತೀರ್ಮಾನವಾಗುತ್ತದೆ. ಸಿಹಿಯೂಟವಾದರೆ ಒಬ್ಬಟ್ಟೋ ಪಾಯಸವೋ, ಬಾಡೂಟವಾದರೆ ಮುದ್ದೆಯೋ ಬಿರಿಯಾನಿಯೋ, ಅಷ್ಟೇ ಚರ್ಚೆ. ಕುಡಿಯೋಕೆ ಏನು ಅಂದಾಗ ಮಾತ್ರ ಎಲ್ಲರೂ ತಡವರಿಸುತ್ತಾರೆ. ಕೊನೆಗೆ ಯಾರೋ ಒಬ್ಬರು ಹೋಗಿ ದೊಡ್ಡ ಕೋಲಾ ಬಾಟಲಿ ನಾಲ್ಕು ತಂದು ಕೈತೊಳೆದುಕೊಳ್ಳುತ್ತಾರೆ.

ನನ್ನನ್ನು ಕೇಳುವವರ ಗೊಂದಲವೂ ಹೀಗೇ. ದಸರಾ ಗೊಂಬೆ ನೋಡೋಕೆ ಸಂಜೆಸಂಜೆ ಜನ ಬರುತ್ತಾರೆ, ಏನು ಕೊಡೋಣ? ಯುಗಾದಿ ಮರುದಿನದ ಹೊಸತೊಡಕಿಗೆ ಅಣ್ಣತಮ್ಮಂದಿರೆಲ್ಲ ಸೇರುತ್ತೇವೆ, ಎಣ್ಣೆ (ಅಂದರೆ ಮದ್ಯ) ಹಾಕುವವರೂ ಇದ್ದಾರೆ, ಹಾಕದವರೂ ಇದ್ದಾರೆ, ಇಬ್ಬರಿಗೂ ಬೇರೆಬೇರೆ ಮಾಡಬೇಕಾ? ಅಪ್ಪನಿಗೆ ಶುಗರ್ ಇದೆ, ಅವರ ಕೈಗೆ ಬರೀ ನೀರು ಕೊಡೋದಾ?

ಯೂಟ್ಯೂಬಿನಲ್ಲಿ ನೂರು ಬಗೆ ಸಿಗುತ್ತದೆ. ಆದರೆ ಆರಿಸುವುದು ಹೇಗೆ ಅಂತ ಅಲ್ಲಿ ಹೇಳುವುದಿಲ್ಲ. ಹಾಗಾಗಿ ಮೊದಲು ಆರಿಸುವ ಅಳತೆಗಳನ್ನು ನೋಡೋಣ.

ಯಾವುದರಿಂದ ಅಳೆಯಬೇಕು

ಮೊದಲನೆಯದು, ಬರುವವರು ಯಾರು. ಮಕ್ಕಳು, ವಯಸ್ಸಾದವರು, ಶುಗರ್ ಇರುವವರು, ಊಟ ಮುಗಿಸಿ ಬೈಕೋ ಕಾರೋ ಓಡಿಸಿಕೊಂಡು ಹೋಗುವವರು. ಇವರನ್ನೆಲ್ಲ ಎಣಿಸಿ ನೋಡಿದರೆ ಎಣ್ಣೆ ಹಾಕುವವರು ಮೂರೋ ನಾಲ್ಕೋ ಜನ ಉಳಿಯುತ್ತಾರೆ, ಅಲ್ವಾ? ಆ ನಾಲ್ಕು ಜನಕ್ಕಾಗಿ ಇಡೀ ಮನೆಯ ಪಾನೀಯ ತೀರ್ಮಾನ ಮಾಡುವುದು ನನಗೆ ಸರಿ ಕಾಣುವುದಿಲ್ಲ.

ಎರಡನೆಯದು, ಅಡುಗೆಮನೆಯಲ್ಲಿ ನಿಲ್ಲುವವರು ಯಾರು. ಲೋಟಲೋಟಕ್ಕೂ ಬೆರೆಸಿ ಕೊಡುವ ಪಾನೀಯ ಆರು ಜನಕ್ಕೆ ಚೆಂದ. ಇಪ್ಪತ್ತು ಜನ ಆದರೆ ಮನೆಯ ಹೆಂಗಸರು ಯಾರ ಜೊತೆಯೂ ಕೂತು ಮಾತಾಡಲಾಗದೆ ಒಳಗೇ ಉಳಿದುಬಿಡುತ್ತಾರೆ. ಹಿಂದಿನ ದಿನವೇ ಮಾಡಿಡಬಹುದಾ ಅನ್ನೋದು ರುಚಿಯಷ್ಟೇ ಮುಖ್ಯ.

ಆಮೇಲೆ ಖರ್ಚು. ಬಾಟಲಿಯ ಬೆಲೆ ನೋಡಬೇಡಿ, ಒಂದು ಲೋಟಕ್ಕೆ ಎಷ್ಟು ಬೀಳುತ್ತದೆ ಅಂತ ನೋಡಿ. ಜೊತೆಗೆ ಸಕ್ಕರೆಯ ಲೆಕ್ಕ. ಇನ್ನು ಐಸ್. ಮನೆಯ ಫ್ರಿಜ್ಜಿನ ಎರಡು ಟ್ರೇ ಹತ್ತು ಜನಕ್ಕೆ ಒಂದು ಸುತ್ತಿಗೂ ಸಾಲುವುದಿಲ್ಲ. ಎರಡು ದಿನ ಮುಂಚಿನಿಂದಲೇ ಡಬ್ಬಿಯಲ್ಲಿ ತುಂಬಿಸಿಡುತ್ತಾ ಹೋಗಬೇಕು. ಮೀನು ಮಾರುವವರು ಬಳಸುವ ಗಡ್ಡೆ ಐಸ್ ತಂದು ಒಡೆದು ಹಾಕಬೇಡಿ, ಅದು ಕುಡಿಯುವ ನೀರಿನದ್ದು ಅಂತ ಯಾವ ಭರವಸೆಯೂ ಇಲ್ಲ.

ಬೆಲ್ಲದ ಪಾನಕ

ನನ್ನ ಮೊದಲ ಓಟು ಇದಕ್ಕೇ. ರಾಮನವಮಿಗೆ ನಮ್ಮ ಬೀದಿಗಳಲ್ಲಿ ಪಾನಕ, ನೀರುಮಜ್ಜಿಗೆ, ಕೋಸಂಬರಿ ಹಂಚುತ್ತಾರಲ್ಲ, ಅದರಲ್ಲಿ ಭಕ್ತಿಯ ಜೊತೆ ಜಾಣತನವೂ ಇದೆ. ಒಲೆ ಹಚ್ಚುವುದು ಬೇಡ. ಐಸ್ ಇಲ್ಲದಿದ್ದರೂ ನಡೆಯುತ್ತದೆ. ಕೊಳಗದಲ್ಲಿ ಮಾಡಿಟ್ಟು ಸೌಟಿನಲ್ಲಿ ಬಡಿಸಿದರಾಯಿತು.

1 ಲೀಟರ್ ನೀರಿಗೆ 150 ಗ್ರಾಂ ಬೆಲ್ಲ, 2 ನಿಂಬೆಹಣ್ಣು, ಅರ್ಧ ಚಮಚ ಒಣಶುಂಠಿ ಪುಡಿ, ಕಾಲು ಚಮಚ ಕಾಳುಮೆಣಸಿನ ಪುಡಿ, 4 ಏಲಕ್ಕಿ, ಒಂದು ಚಿಟಿಕೆ ಉಪ್ಪು. ಇಪ್ಪತ್ತು ಜನಕ್ಕೆ ಎರಡೆರಡು ಲೋಟ ಅಂದರೆ 8 ಲೀಟರ್, ಬೆಲ್ಲ ಒಂದೂಕಾಲು ಕೆ.ಜಿ. ಸಾಕು. ನಿಂಬೆ ಅಗ್ಗವಿರುವ ದಿನಗಳಲ್ಲಿ ಲೋಟಕ್ಕೆ 5-6 ರೂಪಾಯಿ ದಾಟುವುದಿಲ್ಲ. ಇಷ್ಟು ಕಡಿಮೆಗೆ ಇಷ್ಟು ಒಳ್ಳೆಯ ಪಾನೀಯ ಬೇರೊಂದಿಲ್ಲ.

ರುಚಿ ನಿಲ್ಲುವುದು ಬೆಲ್ಲದ ಮೇಲೆ. ಮಂಡ್ಯದಲ್ಲಿ ಆಲೆಮನೆಗಳಿರುವಾಗ ಅಂಗಡಿಯಲ್ಲಿ ಹಳದಿಯಾಗಿ ಹೊಳೆಯುವ ಅಚ್ಚನ್ನೇ ಆರಿಸುವುದು ಯಾಕೋ ಗೊತ್ತಿಲ್ಲ. ಆ ಹೊಳಪು ಬಹಳ ಸಲ ಬಣ್ಣ ತಿಳಿಯಾಗಿಸುವ ರಾಸಾಯನಿಕದ್ದು. ಪಾನಕಕ್ಕೆ ಕಂದು ಬಣ್ಣದ ಬೆಲ್ಲ ತನ್ನಿ. ರಾತ್ರಿಯೇ ನೀರಿಗೆ ಹಾಕಿ ಮುಚ್ಚಿಡಿ. ಬೆಳಿಗ್ಗೆ ಪಾತ್ರೆಯನ್ನು ಮೆಲ್ಲಗೆ ಬಾಗಿಸಿದರೆ ತಳದಲ್ಲಿ ನುಣ್ಣನೆಯ ಕಪ್ಪು ಮರಳು, ಕಬ್ಬಿನ ಒಂದೆರಡು ನಾರು ಕಾಣುತ್ತದೆ. ಮೇಲಿನದನ್ನು ಅಲುಗಾಡಿಸದೆ ಬಗ್ಗಿಸಿಕೊಂಡು, ಕೊನೆಯ ಅರ್ಧ ಲೋಟ ಅಲ್ಲೇ ಬಿಟ್ಟುಬಿಡಿ. ಬಗ್ಗಿಸಿಕೊಂಡದ್ದನ್ನು ತೆಳು ಪಂಚೆಬಟ್ಟೆಯಲ್ಲಿ ಸೋಸಿ. ಟೀ ಜರಡಿ ಸಾಲದು, ಹಲ್ಲಿಗೆ ಮರಳು ಸಿಕ್ಕೇ ಸಿಗುತ್ತದೆ. ನಿಂಬೆರಸವನ್ನು ಬಡಿಸುವ ಹೊತ್ತಿಗೆ ಹಿಂಡಿ. ಮುಂಚೆಯೇ ಹಿಂಡಿಟ್ಟರೆ ಕಹಿ ಬರುತ್ತದೆ.

ಕೊರತೆ ಇಲ್ಲದಿಲ್ಲ. ಒಂದು ಲೋಟದಲ್ಲಿ 30 ಗ್ರಾಂ ಬೆಲ್ಲ ಇರುತ್ತದೆ. ಬೆಲ್ಲ ಆದರೆ ಶುಗರ್ ಇರುವವರಿಗೆ ಪರವಾಗಿಲ್ಲ ಅಂತ ನಂಬಿರುವವರು ನಮ್ಮಲ್ಲಿ ಜಾಸ್ತಿ. ರಕ್ತದ ಸಕ್ಕರೆ ಏರಿಸುವುದರಲ್ಲಿ ಬೆಲ್ಲಕ್ಕೂ ಸಕ್ಕರೆಗೂ ಹೆಚ್ಚಿನ ವ್ಯತ್ಯಾಸವಿಲ್ಲ.

ಮಾವಿನಕಾಯಿ ಪಾನಕ

ಯುಗಾದಿ ಹೊತ್ತಿಗೆ ನಿಂಬೆಹಣ್ಣಿನ ಬೆಲೆ ಕೇಳಿದರೆ ಕೈ ಹಿಂದೆ ಬರುತ್ತದೆ. ಅದೇ ಹೊತ್ತಿಗೆ ಮಾರುಕಟ್ಟೆ ತುಂಬ ಮಾವಿನಕಾಯಿ. ಹುಳಿಯನ್ನು ಅದರಿಂದಲೇ ತೆಗೆದುಕೊಳ್ಳಿ. ಅರ್ಧ ಕೆ.ಜಿ. ಕಾಯಿ ಬೇಯಿಸಿ, ತಿರುಳು ಕಿವುಚಿ, 200 ಗ್ರಾಂ ಬೆಲ್ಲ, ಹುರಿದ ಜೀರಿಗೆ ಪುಡಿ, ಉಪ್ಪು ಸೇರಿಸಿದರೆ ಗಟ್ಟಿ ತಿರುಳು ಸಿದ್ಧ. ಎರಡು ಲೀಟರ್ ಪಾನಕಕ್ಕೆ ಸಾಕು. ಫ್ರಿಜ್ಜಿನಲ್ಲಿ ಮೂರು ದಿನ ಧಾರಾಳವಾಗಿ ಇರುತ್ತದೆ. ಬೆಲ್ಲದ ಪಾನಕಕ್ಕಿಂತ ಇದು ಮೇಲಾಗುವುದು ಇಲ್ಲಿಯೇ: ಮುಂಚೆ ಮಾಡಿಟ್ಟರೂ ಹುಳಿ ಕೆಡುವುದಿಲ್ಲ. ಬೇಲದ ಹಣ್ಣು ಸಿಕ್ಕರೆ ಅದರ ಪಾನಕವೂ ಚೆನ್ನ. ಆದರೆ ಆ ವಾಸನೆ ಎಲ್ಲರಿಗೂ ಒಗ್ಗುವುದಿಲ್ಲ, ಮಕ್ಕಳಂತೂ ಮೂಗು ಮುರಿಯುತ್ತಾರೆ.

ಶುಂಠಿ ಪಾಕ, ನಿಂಬೆ, ಸೋಡಾ

ಎಣ್ಣೆ ಇಲ್ಲದ ಪಾನೀಯ ಸಪ್ಪೆ ಅನ್ನುವವರು ಒಂದು ವಿಷಯ ಗಮನಿಸಬೇಕು. ಮದ್ಯದಲ್ಲಿ ಗಂಟಲಿಗೆ ತಾಗುವ ಖಾರ ಇದೆ, ವೈನಿನಲ್ಲಿ ನಾಲಿಗೆ ಹಿಡಿಯುವ ಒಗರು ಇದೆ. ಅದಕ್ಕೇ ಜನ ಗುಟುಕು ಗುಟುಕಾಗಿ ಕುಡಿಯುತ್ತಾರೆ. ಹಣ್ಣಿನ ರಸದಲ್ಲಿ ಇವೆರಡೂ ಇಲ್ಲ, ಬರೀ ಸಿಹಿ. ಖಾರವನ್ನು ಶುಂಠಿ, ಕಾಳುಮೆಣಸಿನಿಂದ ತರಬಹುದು. ಒಗರನ್ನು ಕಪ್ಪು ಟೀ ಡಿಕಾಕ್ಷನ್ನಿನಿಂದಲೋ ನೆಲ್ಲಿಕಾಯಿಯಿಂದಲೋ ತರಬಹುದು. ಇಷ್ಟು ಮಾಡಿದರೆ ಕುಡಿಯದವರ ಕೈಯಲ್ಲಿರುವ ಲೋಟಕ್ಕೂ ಒಂದು ತೂಕ ಬರುತ್ತದೆ.

ಕಾಲು ಕೆ.ಜಿ. ಶುಂಠಿ ತುರಿದು, ಅರ್ಧ ಕೆ.ಜಿ. ಸಕ್ಕರೆ, ಅರ್ಧ ಲೀಟರ್ ನೀರಿನಲ್ಲಿ ಹತ್ತು ನಿಮಿಷ ಕುದಿಸಿ ಸೋಸಿ. ಆರಿದ ಮೇಲೆ ತಳದಲ್ಲಿ ಬಿಳಿ ಗಷ್ಟು ಕೂರುತ್ತದೆ, ಅದು ಶುಂಠಿಯ ಪಿಷ್ಟ. ಅದನ್ನು ಬಿಟ್ಟು ಮೇಲಿನ ತಿಳಿಯನ್ನು ಬಾಟಲಿಗೆ ಹಾಕಿ. ಲೋಟಕ್ಕೆ 30 ಮಿ.ಲೀ. ಪಾಕ, ಒಂದು ಸಣ್ಣ ನಿಂಬೆಯ ರಸ, ಐಸ್, ಕೊನೆಗೆ ಸೋಡಾ. ಸೋಡಾವನ್ನು ಜಗ್ಗಿನಲ್ಲಿ ಮುಂಚೆ ಬೆರೆಸಿಟ್ಟರೆ ಗ್ಯಾಸ್ ಹೋಗಿ ಬರೀ ಷರಬತ್ತಾಗುತ್ತದೆ. ಚಮಚದಲ್ಲಿ ತಿರುವುವುದೂ ಒಂದೇ ಸಲ ಸಾಕು.

ಒಂದು ಬಾಟಲಿ ಪಾಕದಿಂದ ಇಪ್ಪತ್ತು, ಇಪ್ಪತ್ತೈದು ಲೋಟ ಆಗುತ್ತದೆ. ಒಂದು ವಾರ, ಹತ್ತು ದಿನ ಫ್ರಿಜ್ಜಿನಲ್ಲಿ ಕೆಡುವುದಿಲ್ಲ. ದಸರಾ ಗೊಂಬೆ ಕೂರಿಸಿದ ಮನೆಗೆ ಇದಕ್ಕಿಂತ ಅನುಕೂಲ ಬೇರೆ ಇಲ್ಲ. ಬಾಗಿಲು ತಟ್ಟಿದ ಮೇಲೆ ಎದ್ದರೂ ಎರಡು ನಿಮಿಷದಲ್ಲಿ ಲೋಟ ಕೈಗೆ ಬರುತ್ತದೆ. ಸಿಹಿ ಎಷ್ಟು ಬೇಕು ಅಂತ ಒಬ್ಬೊಬ್ಬರಿಗೂ ಬೇರೆಯಾಗಿ ಹಾಕಬಹುದು ಅನ್ನೋದು ಇನ್ನೊಂದು ಲಾಭ. ಸೊಗದೆ ಬೇರಿನ ಷರಬತ್ತನ್ನೂ ಹೀಗೇ ಸೋಡಾ, ನಿಂಬೆ ಹಾಕಿ ಕೊಡಬಹುದು. ಆದರೆ ಅಂಗಡಿಯ ಬಾಟಲಿಗಳಲ್ಲಿ ಬೇರಿಗಿಂತ ಸಕ್ಕರೆ, ಬಣ್ಣವೇ ಮುಂದಿರುತ್ತದೆ, ಲೇಬಲ್ ಓದಿ ಕೊಳ್ಳಿ.

ಕಬ್ಬಿನ ಹಾಲು

ಮಂಡ್ಯದವರಿಗೆ ಇದರ ಮೇಲೆ ಹಕ್ಕು ಇದೆ, ಒಪ್ಪಿಕೊಳ್ಳೋಣ. ಮಡಚಿದ ಕಬ್ಬಿನ ನಡುವೆ ಶುಂಠಿ ಚೂರು, ನಿಂಬೆ ಹೋಳು ಇಟ್ಟು ಗಾಣಕ್ಕೆ ಕೊಟ್ಟಾಗ ಬೀಳುವ ಹಸಿರು ಹಾಲಿನ ರುಚಿಗೆ ಎದುರಿಲ್ಲ.

ಆದರೆ ಮನೆಯ ಸಮಾರಂಭಕ್ಕೆ ಇದು ಬಹಳ ಚಂಚಲ. ಗಾಣದಿಂದ ಇಳಿದ ಗಳಿಗೆಯಿಂದಲೇ ಗಾಳಿ ತಾಗಿ ಬಣ್ಣ ತಿರುಗುತ್ತದೆ. ಕ್ಯಾನಿನಲ್ಲಿ ತುಂಬಿಸಿಕೊಂಡು ಮನೆ ಸೇರುವಷ್ಟರಲ್ಲಿ ಹಸಿರು ಹೋಗಿ ಕೊಳೆ ನೀರಿನ ಬಣ್ಣ. ನಿಂಬೆರಸ ಹಿಂಡಿಸಿ, ಐಸ್ ಪೆಟ್ಟಿಗೆಯಲ್ಲಿ ತಂದರೆ ಸ್ವಲ್ಪ ತಡೆಯುತ್ತದೆ, ಅಷ್ಟೇ. ಬೇಸಿಗೆಯಲ್ಲಿ ಕೆಲವೇ ಗಂಟೆಯಲ್ಲಿ ಹುಳಿ ಬರಲು ಶುರು. ಹತ್ತಿರದಲ್ಲೇ ಗಾಣ ಇದ್ದು, ಹನ್ನೆರಡು ಗಂಟೆಗೆ ತಂದು ಹನ್ನೆರಡೂವರೆಗೆ ಖಾಲಿ ಮಾಡುವ ಗುಂಪಿದ್ದರೆ ಮಾತ್ರ ಇದನ್ನು ಆರಿಸಿ. ಗಾಣ ತೊಳೆದಿರುವುದನ್ನು ಕಣ್ಣಾರೆ ನೋಡಿ. ಸಿಹಿಯಲ್ಲಿ ಪಾನಕಕ್ಕಿಂತ ಕಡಿಮೆಯೇನಲ್ಲ.

ಮಜ್ಜಿಗೆ, ಎಳನೀರು

ಶುಗರ್ ಇರುವವರಿಗೆ, ಭಾರಿ ಊಟದ ನಂತರಕ್ಕೆ ನೀರುಮಜ್ಜಿಗೆಯೇ ಸರಿ. 1 ಲೀಟರ್ ಮೊಸರಿಗೆ 3 ಲೀಟರ್ ನೀರು, ಜಜ್ಜಿದ ಶುಂಠಿ, ಹಸಿಮೆಣಸು, ಕರಿಬೇವು, ಕೊತ್ತಂಬರಿ, ಇಂಗು, ಉಪ್ಪು. ಬೇರೆ ಯಾವ ಪಾನೀಯ ಆರಿಸಿದರೂ ಪಕ್ಕದಲ್ಲಿ ಒಂದು ಪಾತ್ರೆ ಇದು ಇರಲಿ. ಎಣ್ಣೆಗೆ ಮಾತ್ರ ಹೊಂದುವುದಿಲ್ಲ, ಒಡೆದುಹೋಗುತ್ತದೆ.

ಎಳನೀರು ಮದ್ದೂರಿನ ಮಾರುಕಟ್ಟೆಯಿಂದ ಲಾರಿಗಟ್ಟಲೆ ಹೊರರಾಜ್ಯಕ್ಕೆ ಹೋಗುತ್ತದೆ. ಹಾಗಂತ ನಮಗೆ ಅಗ್ಗವೇನಲ್ಲ. ನಾಲ್ಕೈದು ಜನಕ್ಕೆ ಸೊಗಸು, ಇಪ್ಪತ್ತು ಜನಕ್ಕೆ ದುಬಾರಿ. ಒಡೆದ ದಿನವೇ ಮುಗಿಸಬೇಕು.

ಊಟದ ಕೊನೆಗೆ ಬೀಡಾ ಬದಲು ಕೊಡಲು ಒಂದು ಉಪಾಯ: ನಾಲ್ಕು ಮೈಸೂರು ವೀಳ್ಯದೆಲೆ ತೊಟ್ಟು, ನಾರು ತೆಗೆದು, ಎರಡು ಚಮಚ ಗುಲ್ಕನ್, ಒಂದು ಲೋಟ ತಣ್ಣನೆಯ ಹಾಲಿನ ಜೊತೆ ಮಿಕ್ಸಿಗೆ ಹಾಕಿ. ಸಣ್ಣ ಲೋಟದಲ್ಲಿ ಎರಡೆರಡು ಗುಟುಕು ಸಾಕು.

ಎಣ್ಣೆ ಸೇರಿಸುವುದಾದರೆ

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಕೊಳಗದಲ್ಲಿ ಎಣ್ಣೆ ಬೆರೆಸಬೇಡಿ. ಎಲ್ಲರಿಗೂ ಒಂದೇ ಪಾನೀಯ ಮಾಡಿ, ಬೇಕಾದವರ ಲೋಟಕ್ಕೆ ಅಳೆದು ಹಾಕಿ. ಸಿಹಿ, ಹುಳಿ ಇರುವ ಪಾನೀಯದಲ್ಲಿ ಎಣ್ಣೆಯ ರುಚಿ ಮರೆಯಾಗುತ್ತದೆ. ಎಷ್ಟು ಹೋಯಿತು ಅಂತ ಕುಡಿದವರಿಗೇ ಗೊತ್ತಾಗುವುದಿಲ್ಲ. ಮಕ್ಕಳು ಓಡಾಡುತ್ತಾ ಯಾರದೋ ಲೋಟ ಎತ್ತಿಕೊಳ್ಳುವುದೂ ಉಂಟು. ಎಣ್ಣೆ ಇಲ್ಲದ್ದಕ್ಕೆ ಸ್ಟೀಲ್ ಲೋಟ, ಇರುವುದಕ್ಕೆ ಗಾಜಿನ ಲೋಟ ಅಂತ ಮೊದಲೇ ಮಾಡಿಕೊಂಡರೆ ಗೊಂದಲವೇ ಇಲ್ಲ. ದೇವರಿಗೆ ಇಟ್ಟ ಪಾನಕವನ್ನಂತೂ ಇದರ ಹತ್ತಿರ ತರಬೇಡಿ, ಅದರ ಪಾತ್ರೆಯೇ ಬೇರೆ, ದಿನವೇ ಬೇರೆ.

ಯಾವುದಕ್ಕೆ ಯಾವುದು ಕೂಡುತ್ತದೆ? ಕಪ್ಪು ರಮ್ಮಿಗೆ ಬೆಲ್ಲದ ಪಾನಕ. ರಮ್ ಆಗುವುದು ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದ, ಇತ್ತ ಬೆಲ್ಲವೂ ಕಬ್ಬಿನದೇ. ಅದಕ್ಕೇ ಎರಡೂ ಜಗಳವಾಡುವುದಿಲ್ಲ. ಏಲಕ್ಕಿ ಕಡಿಮೆ ಮಾಡಿ, ಮೆಣಸು ಸ್ವಲ್ಪ ಜಾಸ್ತಿ ಮಾಡಿ. ವೋಡ್ಕಾಕ್ಕೆ ತನ್ನದೇ ರುಚಿ ಕಡಿಮೆ, ಹಾಗಾಗಿ ಮಾವಿನಕಾಯಿ ಪಾನಕ, ಶುಂಠಿ-ನಿಂಬೆ ಎರಡಕ್ಕೂ ನಡೆಯುತ್ತದೆ. ಜಿನ್ನಿಗೆ ಎಳನೀರು, ಒಂದು ಹೋಳು ನಿಂಬೆ, ಸಾಕು. ವಿಸ್ಕಿ ಪ್ರಿಯರಿಗೆ ಏನೂ ಬೆರೆಸಲು ಹೋಗಬೇಡಿ. ಸೋಡಾ, ನೀರು, ಐಸ್ ಮುಂದಿಟ್ಟು ಸುಮ್ನೆ ಬಂದುಬಿಡಿ.

ಬಿಯರ್ ಹಗುರ ಅನ್ನುವ ನಂಬಿಕೆಯನ್ನು ಸ್ವಲ್ಪ ಲೆಕ್ಕ ಹಾಕಿ ನೋಡಬೇಕು. ನಮ್ಮಲ್ಲಿ ಸಿಗುವ ರಮ್, ವಿಸ್ಕಿಗಳಲ್ಲಿ ಆಲ್ಕೋಹಾಲ್ ಸಾಮಾನ್ಯವಾಗಿ 42.8%. 30 ಮಿ.ಲೀ. ಪೆಗ್ಗಿನಲ್ಲಿ ಸುಮಾರು 10 ಗ್ರಾಂ. 650 ಮಿ.ಲೀ. ಬಿಯರ್ ಬಾಟಲಿ 5% ಆದರೆ ಸುಮಾರು 25 ಗ್ರಾಂ, ಅಂದರೆ ಎರಡೂವರೆ ಪೆಗ್. ಅದೇ 8% ಸ್ಟ್ರಾಂಗ್ ಆದರೆ ನಾಲ್ಕು ಪೆಗ್. ಎರಡು ಸ್ಟ್ರಾಂಗ್ ಮುಗಿಸಿ "ನಾನು ಬರೀ ಬಿಯರ್ ಹಾಕಿದ್ದು" ಅನ್ನುವ ಮಾವ ಎಂಟು ಪೆಗ್ ಏರಿಸಿರುತ್ತಾರೆ! ಮಧ್ಯಾಹ್ನದಿಂದ ಸಂಜೆಯವರೆಗೆ ಕೂರುವ ಗುಂಪಿಗೆ 5% ಬಿಯರನ್ನು ಶುಂಠಿ-ನಿಂಬೆ ಸೋಡಾ ಜೊತೆ ಅರ್ಧರ್ಧ ಬೆರೆಸುವುದು ಒಳ್ಳೆಯದು. ಎರಡೂವರೆ ಪರ್ಸೆಂಟಿಗೆ ಇಳಿಯುತ್ತದೆ, ಬಾಟಲಿಯೂ ಎರಡರಷ್ಟು ಜನಕ್ಕೆ ಬರುತ್ತದೆ. ಇತ್ತೀಚಿನ ವರ್ಷಗಳಲ್ಲಿ ಬಿಯರ್ ಬೆಲೆ ಏರಿರುವ ರೀತಿ ನೋಡಿದರೆ ಅದೂ ಸಣ್ಣ ಮಾತಲ್ಲ.

ಕೊಳಗದ ಮಾತಿಗೆ ಒಂದು ವಿನಾಯಿತಿ ಇದೆ. ಕೆಂಪು ವೈನಿಗೆ ಹಣ್ಣು ಹಾಕಿ ಮಾಡುವ ಸಾಂಗ್ರಿಯಾ ಮುಂಚೆ ಮಾಡಿಟ್ಟಷ್ಟೂ ರುಚಿ. ಒಂದು ಬಾಟಲಿ ವೈನಿಗೆ ಎರಡು ಕಿತ್ತಳೆ, ಒಂದು ಸೇಬು, ಒಂದು ಹಿಡಿ ದ್ರಾಕ್ಷಿ, ಚಕ್ಕೆಯ ಒಂದು ತುಂಡು. ನಾಲ್ಕು ಗಂಟೆ ಫ್ರಿಜ್ಜಿನಲ್ಲಿಟ್ಟು, ಕೊಡುವಾಗ ಸೋಡಾ. ಆರು ಜನಕ್ಕೆ ಆಗುತ್ತದೆ. ದುಬಾರಿ ವೈನ್ ಇದಕ್ಕೆ ಬೇಡ. ವೈನ್ ಹೀರಿದ ಹಣ್ಣಿನ ಹೋಳು ಮಕ್ಕಳ ಕೈಗೆ ಸಿಗದಂತೆ ಜಗ್ಗನ್ನು ಮೇಲಿಡಿ. ಕುಡಿಯದವರಿಗೆ ಇದರ ಜೋಡಿ: ಪುನರ್ಪುಳಿ (ಕೋಕಂ) ಷರಬತ್ತು, ಅಷ್ಟೇ ಅಳತೆಯ ತಣ್ಣನೆಯ ಟೀ ಡಿಕಾಕ್ಷನ್, ಅದೇ ಹಣ್ಣುಗಳು. ಬಣ್ಣವೂ ಹತ್ತಿರ, ಒಗರೂ ಹತ್ತಿರ.

ಕೆಲವು ಮಾತು ಗಟ್ಟಿಯಾಗಿಯೇ ಹೇಳಬೇಕು. ಎನರ್ಜಿ ಡ್ರಿಂಕ್ ಜೊತೆ ಬೆರೆಸಬೇಡಿ, ಅದರ ಕೆಫೀನ್ ಅಮಲನ್ನು ಮರೆಮಾಡುತ್ತದೆ, ಇಳಿಸುವುದಿಲ್ಲ. ಮಜ್ಜಿಗೆ, ಕಾಫಿ, ನಿಂಬೆರಸ ಯಾವುದೂ ಇಳಿಸುವುದಿಲ್ಲ. ಒಂದು ಸಣ್ಣ ಪೆಗ್ ಕರಗಲು ದೇಹಕ್ಕೆ ಸುಮಾರು ಒಂದು ಗಂಟೆ ಬೇಕು. ಗಾಡಿ ಓಡಿಸುವವರಿಗೆ ಕಾನೂನಿನ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. ಅದಕ್ಕೆ ಲೆಕ್ಕ ಹಾಕುತ್ತಾ ಕೂರುವ ಬದಲು ಓಡಿಸುವವರ ಕೈಗೆ ಸ್ಟೀಲ್ ಲೋಟ ಕೊಡಿ. ಶುಗರ್ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಕುಡಿದರೆ ಸಕ್ಕರೆ ಏಕಾಏಕಿ ಇಳಿಯಬಹುದು, ಡಾಕ್ಟರನ್ನು ಕೇಳದೆ ಬೇಡ. ಇನ್ನು 21 ತುಂಬದ ಹುಡುಗರಿಗೆ "ಹಬ್ಬ ಅಲ್ವಾ, ಒಂದು ಗುಟುಕು" ಅನ್ನುವ ಚಿಕ್ಕಪ್ಪಂದಿರನ್ನು ಮನೆಯವರೇ ತಡೆಯಬೇಕು.

ಕೊಳ್ಳುವುದನ್ನು ಕೊನೆಯ ದಿನಕ್ಕೆ ಬಿಡಬೇಡಿ. ಅಕ್ಟೋಬರ್ 2 ದಸರಾ ಆಸುಪಾಸಿನಲ್ಲೇ ಬರುತ್ತದೆ. 2025ರಲ್ಲಂತೂ ವಿಜಯದಶಮಿಯೇ ಅವತ್ತು ಬಿದ್ದಿತ್ತು. ಗಾಂಧಿ ಜಯಂತಿಗೆ ಅಂಗಡಿ ತೆರೆಯುವುದಿಲ್ಲ. ಬಾರಿಗಿಂತ ಎಂಆರ್‌ಪಿ ಅಂಗಡಿಯಲ್ಲಿ ಕೊಂಡರೆ ದುಡ್ಡು ಉಳಿಯುತ್ತದೆ.

ಹಾಗಾದರೆ ನಿಮ್ಮ ಮನೆಗೆ ಯಾವುದು

ಮೈಸೂರಿನ ಗೊಂಬೆ ಮನೆ, ದಿನಾ ಸಂಜೆ ಮೂರು ನಾಲ್ಕು ಜನ ಅಂದರೆ ಶುಂಠಿ ಪಾಕದ ಬಾಟಲಿ, ಜೊತೆಗೆ ಮಜ್ಜಿಗೆ. ಕೊನೆಯ ದಿನ ಇಪ್ಪತ್ತು ಜನ ಒಟ್ಟಿಗೆ ಬರುವುದಾದರೆ ಅವತ್ತಿಗೆ ಮಾತ್ರ ಬೆಲ್ಲದ ಪಾನಕ.

ಮಂಡ್ಯ ಕಡೆಯ ಹೊಸತೊಡಕು, ಬಾಡೂಟ, ಬಿರುಬಿಸಿಲು: ಮಾವಿನಕಾಯಿ ಪಾನಕ ಎಲ್ಲರಿಗೂ. ಬೇಕಾದವರ ಗಾಜಿನ ಲೋಟಕ್ಕೆ 30 ಮಿ.ಲೀ. ವೋಡ್ಕಾ. ಮಾಂಸ ಬೇಯುವವರೆಗೆ ಖಾಲಿ ಹೊಟ್ಟೆಯಲ್ಲಿ ಶುರು ಮಾಡಿಕೊಳ್ಳುವುದು ನಮ್ಮ ಕಡೆಯ ಕೆಟ್ಟ ಅಭ್ಯಾಸ. ಕಡಲೆಬೀಜ, ಮದ್ದೂರು ವಡೆ, ಬೇಯಿಸಿದ ಮೊಟ್ಟೆ ಏನಾದರೂ ಮೊದಲು ಮುಂದಿಡಿ. ಕಬ್ಬಿನ ಗಾಣ ಹತ್ತಿರವಿದ್ದರೆ ಮಕ್ಕಳನ್ನು ಅಲ್ಲಿಗೇ ಕರೆದುಕೊಂಡು ಹೋಗಿ ಕುಡಿಸಿ ತನ್ನಿ.

ಡಿಸೆಂಬರ್ 31ಕ್ಕೆ ಎಂಟು ಹತ್ತು ಸ್ನೇಹಿತರು ಸೇರುವುದಾದರೆ ಸಾಂಗ್ರಿಯಾ, ಪುನರ್ಪುಳಿ ಟೀ ಎರಡನ್ನೂ ಮಧ್ಯಾಹ್ನವೇ ಮಾಡಿಡಿ. ಕೊಡಗಿನ ಕಿತ್ತಳೆ ಆಗ ಸಿಗುತ್ತದೆ. ಚಳಿಗೆ ರಮ್ ಬೇಕು ಅನ್ನುವವರಿಗೆ ಪಾನಕವನ್ನೇ ನೀರು ಕಡಿಮೆ ಮಾಡಿ ಬಿಸಿಮಾಡಿ. ಒಲೆ ಆರಿಸಿದ ಮೇಲೆ ನಿಂಬೆ ಹಿಂಡಿ, ಲೋಟಕ್ಕೆ ಬಗ್ಗಿಸಿ, ಆಮೇಲೆ ರಮ್ ಹಾಕಿ. ಉರಿಯುವ ಒಲೆಯ ಹತ್ತಿರ ಬಾಟಲಿ ತರಬೇಡಿ. ಉಳಿದ ಪಾನಕವನ್ನು ಐಸ್ ಟ್ರೇಗೆ ಸುರಿದಿಟ್ಟರೆ ಮುಂದಿನ ಸಲ ಲೋಟಕ್ಕೆ ಹಾಕಿದಾಗ ರುಚಿ ನೀರಾಗುವುದಿಲ್ಲ.